ಹುಳದ ಪಾಲು

ಶತ್ರುವಿಗೂ ಒಂದು ಪಾಲು ಬಿಡಬೇಕಾ? ಕೇಳಿದರೆ ಪುರಾಣದ ಪ್ರಶ್ನೆ ಅನ್ನಿಸುತ್ತೆ. ನಮ್ಮ ಹಾವೇರಿ ಜಿಲ್ಲೆಯ ಹತ್ತಿ ಹೊಲಗಳಿಗೆ ಮಾತ್ರ ಇದು ಬೀಜದ ಪಾಕೀಟಿನ ಜೊತೆಗೇ ಬಂತು. ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಮಾಮೂಲಿ ಹತ್ತಿ ಬೀಜ ಬೇರೆಯಾಗಿ ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಐದು ಸಾಲು ಇಲ್ಲವೇ ಹೊಲದ ಶೇ. 20ರಷ್ಟು ಜಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಬಿತ್ತಬೇಕು. ಯಾಕೆ? ಕಾಯಿಕೊರಕ ಹುಳ ತಿಂದುಕೊಂಡು ಬದುಕಲಿ ಅಂತ!

ಇದು ಅರ್ಥ ಆಗಬೇಕಾದರೆ ಹುಳದ ಹೊಟ್ಟೆಯೊಳಗೆ ಒಂದು ಸುತ್ತು ಹೋಗಿ ಬರಬೇಕು. ನಮಗೆಲ್ಲ ಪ್ರೋಟೀನ್ ಅಂದರೆ ಜಿಮ್‌ನವರು ಕುಡಿಯುವ ಪುಡಿ. ನಿಜಕ್ಕೂ ಅದು ಆಕಾರದ ಆಟ. ಒಂದು ಪ್ರೋಟೀನು ತನ್ನ ಮಡಿಕೆಗಳಿಗೆ ಹೊಂದುವ ಅಣುವನ್ನಷ್ಟೇ ಹಿಡಿಯುತ್ತೆ. 1894ರಲ್ಲೇ ಎಮಿಲ್ ಫಿಷರ್ ಕಿಣ್ವಗಳ ಬಗ್ಗೆ ಹೇಳುವಾಗ ಬೀಗ-ಕೀಲಿಯ ಹೋಲಿಕೆ ಕೊಟ್ಟಿದ್ದ. ಬಿಟಿ ಅನ್ನೋ ಬ್ಯಾಕ್ಟೀರಿಯಾದ ‘ಕ್ರೈ’ ಪ್ರೋಟೀನು ಅಂಥದೊಂದು ಕೀಲಿ. ಬ್ಯಾಕ್ಟೀರಿಯಾದೊಳಗೆ ಅದು ಹರಳಾಗಿ ಸುಮ್ಮನೆ ಮಲಗಿರುತ್ತೆ. ಹುಳದ ಹೊಟ್ಟೆಯ ಕ್ಷಾರದಲ್ಲಿ ಕರಗಿ, ಅಲ್ಲಿನ ಕಿಣ್ವಗಳು ಅದನ್ನು ಕತ್ತರಿಸಿದ ಮೇಲೇ ಕೆಲಸ ಶುರು. ಕರುಳಿನ ಜೀವಕೋಶಗಳ ಮೇಲಿರುವ ಕ್ಯಾಡ್‌ಹೆರಿನ್‌ನಂಥ ಪ್ರೋಟೀನುಗಳನ್ನು ಹಿಡಿದು, ಜೀವಕೋಶಕ್ಕೆ ತೂತು ಕೊರೆಯುತ್ತೆ. ಹುಳ ತಿನ್ನೋದು ಬಿಟ್ಟು ಸಾಯುತ್ತೆ. ನಮ್ಮ ಹೊಟ್ಟೆಯಲ್ಲಿ ಇರೋದು ಆಮ್ಲ, ಆ ಬೀಗವೂ ನಮ್ಮಲ್ಲಿಲ್ಲ.

ಎಲ್ಲೋ ಒಂದೆರಡು ಹುಳಗಳಿಗೆ ಮಾತ್ರ ಹುಟ್ಟುವಾಗಲೇ ಬೀಗದ ಆಕಾರ ಬೇರೆ. ಕೀಲಿ ಕೂರಲ್ಲ, ಹುಳ ಸಾಯಲ್ಲ. ಸೀಮೆಗೆಲ್ಲ ಬಿಟಿಯೇ ಬಿತ್ತಿದರೆ ಹೀಗೆ ಉಳಿದವು ಉಳಿದವನ್ನೇ ಕೂಡುತ್ತವೆ, ಅವುಗಳ ಸಂತಾನಕ್ಕೆ ಬಿಟಿ ಲೆಕ್ಕಕ್ಕೇ ಇಲ್ಲ. ಆ ಐದು ಸಾಲಿನಲ್ಲಿ ಮಾಮೂಲಿ ಹುಳಗಳು ಬೆಳೆದು ಪತಂಗವಾದರೆ, ಇವಕ್ಕೆ ಸಿಗುವ ಜೋಡಿ ಹೆಚ್ಚಾಗಿ ಅವೇ. ಹುಟ್ಟುವ ಮರಿಗೆ ಅಪ್ಪನಿಂದಲೋ ಅವ್ವನಿಂದಲೋ ಹಳೇ ಬೀಗ ಬಂದಿರುತ್ತೆ. ಕೀಲಿ ಮತ್ತೆ ಕೂರುತ್ತೆ.

ಸವಣೂರು ತಾಲೂಕಿನಲ್ಲಿ ಮೂರೆಕರೆ ಹತ್ತಿ ಹಾಕುತ್ತಿದ್ದ ನಮ್ಮ ಕಾಕಾಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಆತ ಅಂದದ್ದು: “ಶೀಗಿ ಹುಣ್ಣಿಮಿಗೆ ಚರಗ ಚೆಲ್ತೀವಿ ತಮ್ಮಾ, ಇಲ್ಲ ಅನ್ನಂಗಿಲ್ಲ. ಆದ್ರ ಅದು ಒಂದು ಬುಟ್ಟಿ. ನೀ ಹೇಳಾಕತ್ತಿದ್ದು ಐದರಾಗ ಒಂದು ಪಾಲು. ಬಾಜೂ ಹೊಲದಾಂವ ಬಿಡಲಿಲ್ಲಂದ್ರ ನಾ ಒಬ್ಬಾಂವ ಯಾಕ ಬಿಡ್ಲಿ?”

ಇದನ್ನು ಸ್ವಾರ್ಥ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಪತಂಗಕ್ಕೆ ಸವಣೂರು, ಶಿಗ್ಗಾಂವಿ, ಹಾನಗಲ್ ಅನ್ನೋ ಗಡಿ ಗೊತ್ತಿಲ್ಲ. ಕಾಕಾ ಸಾಲು ಬಿಟ್ಟರೆ ಲಾಭ ಸುತ್ತಲ ಎಲ್ಲರಿಗೂ, ನಷ್ಟ ಮಾತ್ರ ಅವನೊಬ್ಬನಿಗೆ. ಹುಳದ ಕರುಳಿನ ಆ ಬೀಗ ಒಂಥರಾ ಊರ ಕೆರೆ. ಯಾರ ಹೆಸರಿನಲ್ಲೂ ಇಲ್ಲ, ಎಲ್ಲರೂ ಅದರಿಂದ ಸೇದುತ್ತಾರೆ. ಹಿರೇಕೆರೂರಿನ ಹೆಸರಿನಲ್ಲೇ ಕೆರೆ ಇದೆ. ಕೆರೆ ಕಟ್ಟಿಕೊಂಡ ಊರಿಗೆ ಒಂದು ಮಾತು ಗೊತ್ತಿರುತ್ತೆ: ಒಬ್ಬನೇ ಹೂಳೆತ್ತಿದರೆ ಕೆರೆ ಉಳಿಯಲ್ಲ, ಊರು ಕೂತು ಮಾತಾಡಬೇಕು.

ಹತ್ತಿಯ ವಿಷಯದಲ್ಲಿ ನಾವು ಹಾಗೆ ಕೂತು ಮಾತಾಡಲಿಲ್ಲ. ದೇಶದ ಬಹುಪಾಲು ರೈತರು ಆ ಸಾಲುಗಳನ್ನು ಬಿತ್ತಲೇ ಇಲ್ಲ. 2009-10ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಕೀಲಿಯನ್ನು ಗೆದ್ದಿತು. 2006ರಲ್ಲಿ ಬಂದಿದ್ದ ಎರಡು ಕೀಲಿಯ ಹತ್ತಿಯನ್ನೂ ಆಮೇಲೆ ಗೆದ್ದಿತು. ಅಮೆರಿಕದ ಅರಿಜೋನಾದಲ್ಲಿ 1996ರಿಂದ ಅದೇ ಹುಳ, ಅದೇ ಪ್ರೋಟೀನು. ಅಲ್ಲಿ ಮೊದಲ ಹತ್ತು ವರ್ಷ ಹುಳದ ಪಾಲು ಬಿಟ್ಟರು, ಆಮೇಲೆ ಸಂತಾನಶಕ್ತಿ ಇಲ್ಲದ ಪತಂಗಗಳನ್ನು ಹಾರಿಬಿಟ್ಟರು. 2018ರಲ್ಲಿ ಅಮೆರಿಕ ತನ್ನ ಹತ್ತಿಯಿಂದ ಈ ಹುಳ ನಿರ್ಮೂಲ ಆಯಿತು ಅಂತ ಘೋಷಿಸಿತು. ಅಲ್ಲಿನವರು ನಮ್ಮವರಿಗಿಂತ ಸಜ್ಜನರು ಅಂತ ನಾನು ನಂಬಲ್ಲ. ಅವರ ಹೊಲಗಳು ದೊಡ್ಡವು, ಬೆಳೆಗಾರರು ಸಂಘಟಿತರಾಗಿ ಖರ್ಚನ್ನೂ ಹಂಚಿಕೊಂಡರು. ಇಲ್ಲಿ ಮೂರೆಕರೆಯವನ ಕೈಗೆ ಒಂದು ಚೀಲ ಕೊಟ್ಟು ‘ತ್ಯಾಗ ಮಾಡು’ ಅಂದರು. ಪಾಲು ಬಿಡೋದು ಕರ್ತವ್ಯವೇ. ಆದರೆ ಆ ಕರ್ತವ್ಯದ ಬೆಲೆಯನ್ನೆಲ್ಲ ಅತಿ ಚಿಕ್ಕವನ ಮೇಲೆ ಹೊರಿಸೋದನ್ನ ನೀತಿ ಅನ್ನೋಕಾಗಲ್ಲ.

ಈಗ ಮಾಮೂಲಿ ಬೀಜವನ್ನು ಬಿಟಿ ಬೀಜದೊಳಗೇ ಬೆರೆಸಿ ಕೊಡುವ ಪದ್ಧತಿ ಬಂದಿದೆ. ಬಿತ್ತಿದವರೆಲ್ಲ ತಮ್ಮ ಪಾಲು ಕೊಟ್ಟ ಹಾಗೇ. ಗೊತ್ತಿಲ್ಲದೆ ಕೊಟ್ಟದ್ದು ದಾನ ಆಗುತ್ತಾ? ಇಲ್ಲ, ಅದು ತೆರಿಗೆ. ನನಗೆ ಅದರಲ್ಲಿ ತಕರಾರಿಲ್ಲ, ಎಲ್ಲರಿಗೂ ಸಮನಾಗಿ ಬೀಳುವ ತೆರಿಗೆ ಒಬ್ಬನ ತ್ಯಾಗಕ್ಕಿಂತ ನ್ಯಾಯವಾದದ್ದು. ಆದರೆ ತೆರಿಗೆ ಕಟ್ಟಿದವನಿಗೆ ರಸೀದಿ ಕೇಳುವ ಹಕ್ಕಿದೆ. ತನ್ನಿಂದ ಏನು ಹೋಯಿತು, ಯಾಕೆ ಹೋಯಿತು ಅಂತ ಅವನ ಭಾಷೆಯಲ್ಲಿ ಅವನಿಗೆ ಹೇಳಬೇಕು.

ಇದು ಹಳ್ಳಿಯ ಕಥೆ, ನಮಗೇನು ಅನ್ನಬೇಡಿ. ಪೆನಿಸಿಲಿನ್ ಜಾತಿಯ ಮಾತ್ರೆಗಳೂ ಹೀಗೇ, ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಪ್ರೋಟೀನನ್ನು ಹಿಡಿಯುತ್ತವೆ. ಆ ಬೀಗವೂ ಎಲ್ಲರ ಕೆರೆ. ವೈರಸ್ಸಿನಿಂದ ಬಂದ ನೆಗಡಿಗೆ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯಾಟಿಕ್ ಕೇಳಿ ತಂದು ನುಂಗಿದಾಗಲೆಲ್ಲ ಅದರಿಂದ ಒಂದು ಕೊಡ ಸೇದುತ್ತೇವೆ. ‘ಬೇರೆಯವರು ತಗೋತಾರೆ, ನಾನೊಬ್ಬ ಬಿಟ್ಟರೆ ಏನಾಗುತ್ತೆ?’ ಅಂತ ಕೇಳೋಕೆ ಮೂರೆಕರೆಯ ಕಾಕಾಗೆ ಕಾರಣ ಇತ್ತು, ಬಿಟ್ಟರೆ ಅವನ ಬೆಳೆ ಹೋಗುತ್ತಿತ್ತು. ನಮಗೆ ಹೋಗುವುದು ನಾಲ್ಕು ದಿನದ ಮೂಗು ಸೋರಿಕೆ ಅಷ್ಟೇ.