ಸೀಟಿನ ಕೆಳಗಿನ ಬ್ಯಾಟರಿ ಮತ್ತು ಸಮಿತಿಯ ಮಾತು

ಅಪಘಾತವೇ ಆಗಿಲ್ಲ, ಯಾರ ಮೈಗೂ ಗೀರು ಬಿದ್ದಿಲ್ಲ. ಆಗಲೂ ಹಿಂಸೆ ಆಗಿದೆ ಎನ್ನಬಹುದೇ? ಹಳೆಯ ಡೀಸೆಲ್ ಜೀಪನ್ನು ಎಲೆಕ್ಟ್ರಿಕ್ ಮಾಡಿಸಿದ ಮೇಲೆ ಚಿಕ್ಕಪ್ಪನಿಗೂ ನನಗೂ ನಡೆಯುತ್ತಿರುವ ವಾದ ಇದು. ನಮ್ಮದು ವಯನಾಡಿನ ಜೈನರ ಮನೆ, ಮನೆಮಾತು ಕನ್ನಡ. ವಾದವಿಲ್ಲದೆ ನಮಗೆ ಊಟ ಸೇರುವುದಿಲ್ಲ.

ಅನುಮೋದನೆ ಪಡೆದ ಕಿಟ್ಟು, ಆರ್‌ಸಿಯಲ್ಲಿ ತಿದ್ದುಪಡಿ, ಹಸಿರು ನಂಬರ್ ಪ್ಲೇಟು, ಎಲ್ಲ ಕಾನೂನಿನಂತೆಯೇ ಇದೆ. ಆದರೆ ನೋಡುವವರಿಗೆ ಅದು ಅದೇ ಹಳೆ ಜೀಪು. ಬ್ಯಾಟರಿ ಪೆಟ್ಟಿಗೆ ಹಿಂದಿನ ಸೀಟಿನ ಕೆಳಗಿದೆ. ಅಲ್ಲಿಂದ ಬಾನೆಟ್ಟಿನ ತನಕ ಚಾಸಿಯ ಎಡಮಗ್ಗುಲಲ್ಲಿ ಹೆಬ್ಬೆರಳು ದಪ್ಪದ ಕಿತ್ತಳೆ ಕೇಬಲ್ ಹೋಗಿದೆ. ಡಿಸಿ ಕರೆಂಟು 60 ವೋಲ್ಟ್ ದಾಟಿದರೆ ಅಪಾಯ ಎಂದು ಲೆಕ್ಕ, ನಮ್ಮದು ದಾಟಿದೆ.

ಗುಂಡ್ಲುಪೇಟೆಗೆ ನಾವು ಹೋಗುವುದು ಮುತ್ತಂಗ, ಪೊನ್ಕುಳಿಯ ಮೇಲೆ. ಹೆದ್ದಾರಿ 766ರ ಒಂದು ಬದಿ ರಾಮನ ಗುಡಿ, ಎದುರಿಗೆ ಸೀತೆಯ ಗುಡಿ, ಅವಳ ಕಣ್ಣೀರಿನದೆನ್ನುವ ಕೊಳ. ಸುತ್ತ ಆನೆ ಓಡಾಡುವ ಕಾಡು. ಅಲ್ಲಿ ಜೀಪು ಮಗುಚಿತು ಅನ್ನಿ. ಸುಲ್ತಾನ್ ಬತ್ತೇರಿಯಿಂದಲೋ ಗುಂಡ್ಲುಪೇಟೆ ಕಡೆಯಿಂದಲೋ ಅಗ್ನಿಶಾಮಕದವರು ಬರುತ್ತಾರೆ. ನಂಬರ್ ಪ್ಲೇಟು ಕೆಸರಲ್ಲಿ ಹೂತಿದೆ. ಎಂಜಿನ್ ಸದ್ದಿಲ್ಲ; ಗಾಡಿ ಆಫ್ ಆಗಿದೆ ಎಂದುಕೊಂಡು ಒಬ್ಬ ಕಟರ್ ಹಿಡಿದು ಎಡಮಗ್ಗುಲಿಗೇ ಮಂಡಿಯೂರುತ್ತಾನೆ.

ಕಂಪನಿಯಿಂದಲೇ ಬಂದ ಕಾರಾದರೆ ಸಾಮಾನ್ಯವಾಗಿ ಎಲ್ಲಿ ಕತ್ತರಿಸಬಾರದೆಂದು ತೋರಿಸುವ ರಕ್ಷಣಾ ಹಾಳೆ ಇರುತ್ತದೆ. ಅದಕ್ಕೆ ಐಎಸ್‌ಒ 17840 ಎಂಬ ಮಾನದಂಡವೂ ಇದೆ. ಬದಲಾಯಿಸಿದ ಗಾಡಿಯಲ್ಲಿ ಬ್ಯಾಟರಿ ಕಿಟ್ಟಿಗೆ ತಕ್ಕ ಜಾಗದಲ್ಲಿ ಕೂತಿರುತ್ತದೆ. ಮೂಲ ಮಾಡೆಲ್ಲಿನ ಹಾಳೆ ನೋಡಿದರೆ ದಾರಿ ತಪ್ಪಿದಂತೆಯೇ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಕೆಲ ನಿಮಿಷ ಕರೆಂಟು ಉಳಿದಿರುತ್ತದೆ. ಬ್ಯಾಟರಿಗೆ ಹತ್ತಿದ ಬೆಂಕಿ ಆರಿದಂತೆ ಕಂಡು ಗಂಟೆಗಳ ಮೇಲೆ ಮತ್ತೆ ಹೊತ್ತಿಕೊಳ್ಳುವುದುಂಟು. (ಬೆಂಕಿಗೂ ಜೀವವುಂಟೆನ್ನುವ ಮತ ನಮ್ಮದು, ಆ ಲೆಕ್ಕ ಈಗ ಬೇಡ.)

ಇಷ್ಟೆಲ್ಲ ಹೇಳಿ, ಗಾಡಿಯ ನಾಲ್ಕೂ ಕಡೆ ಬ್ಯಾಟರಿ, ಕೇಬಲ್ ಎಲ್ಲಿವೆಯೆಂದು ತೋರಿಸುವ ಚೀಟಿ ಅಂಟಿಸೋಣ ಎಂದೆ. ಚಿಕ್ಕಪ್ಪ ಒಪ್ಪಲಿಲ್ಲ. ಅಪಶಕುನ ಮೈಮೇಲೆ ಬರೆದುಕೊಂಡು ಓಡಾಡಬೇಕೇ, ಕೊಲ್ಲುವ ಮನಸ್ಸೇ ಇಲ್ಲದವನಿಗೆ ಹಿಂಸೆಯ ದೋಷ ಎಲ್ಲಿಂದ ಬಂತು, ಎಂದರು.

ಇಲ್ಲಿ ನಮ್ಮ ಆಚಾರ್ಯರು ಚಿಕ್ಕಪ್ಪನ ಪಕ್ಷದಲ್ಲಿಲ್ಲ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಹಿಡಿಯುವುದು ದ್ವೇಷವನ್ನಲ್ಲ, ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು. ಕುಂದಕುಂದರ ಪ್ರವಚನಸಾರ ಇನ್ನೂ ಕಟು: ಜೀವಿ ಸತ್ತರೂ ಬದುಕಿದರೂ ಎಚ್ಚರಗೇಡಿಗೆ ಹಿಂಸೆ ಅಂಟಿಯೇ ಅಂಟುತ್ತದೆ, ಎಚ್ಚರದಿಂದ ನಡೆದವನ ಕಾಲಡಿ ಅಕಸ್ಮಾತ್ ಹುಳು ಸತ್ತರೆ ಅಷ್ಟಕ್ಕೇ ಕರ್ಮದ ಬಂಧವಿಲ್ಲ. ಸಮಿತಿ ಎಂದರೆ ನಮ್ಮಲ್ಲಿ ಎಚ್ಚರದ ನಡೆ; ಅಂಥ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಎಂಬುದೊಂದಿದೆ. ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ ನಡೆಯುವುದು. ಮುನಿಗಳು ಕಮಂಡಲು ಇಡುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲ ಸವರುವುದು ಇದಕ್ಕೇ. ಅದು ಮುನಿಗಳ ವ್ರತ, ಗೃಹಸ್ಥರ ತಲೆಗೆ ಕಟ್ಟಬೇಡ ಎಂದರು ಚಿಕ್ಕಪ್ಪ. ಮುನಿಗಳು ಇಡುವುದು ಕಮಂಡಲು. ಬ್ಯಾಟರಿ ಇಡುವವರು ನಾವು ತಾನೇ ಎಂದೆ. ಒಳಗಿನ ಅಪಾಯ ಹೊರಗೆ ಕಾಣದಿರುವುದು ನಮಗೆ ಹೊಸತಲ್ಲ. ಟಿಪ್ಪುವಿನ ಕಾಲದಲ್ಲಿ ನಮ್ಮ ಬತ್ತೇರಿಯ ಬಸದಿಯಲ್ಲೇ ಮದ್ದುಗುಂಡು ತುಂಬಿಟ್ಟಿದ್ದರಂತೆ. ಕೈಮುಗಿಯಲು ಬಂದವನಿಗೆ ಒಳಗೇನಿದೆಯೆಂದು ಹೊರಗಿನ ಕಲ್ಲು ಹೇಳೀತೇ?

ರಕ್ಷಣೆಗೆ ಬರುವವನು ಮಲಯಾಳಂ ಓದುವವನೋ ಕನ್ನಡ ಓದುವವನೋ ತಿಳಿಯದ ಗಡಿ ಇದು. ಹಾಗಾಗಿ ಕೊನೆಗೆ ಅಂಟಿಸಿದ ಚೀಟಿಯಲ್ಲಿ ಅಕ್ಷರ ಕಡಿಮೆ, ಚಿತ್ರ ಹೆಚ್ಚು: ಬ್ಯಾಟರಿ ಎಲ್ಲಿದೆ, ಕೇಬಲ್ ಎಲ್ಲಿ ಹಾದಿದೆ, ಎಲ್ಲಿ ಕತ್ತರಿಸಬಹುದು. ಸನ್‌ವೈಸರಿನ ಹಿಂದೆ ಇಡೀ ಹಾಳೆ.

ಚಿಕ್ಕಪ್ಪ ಸೋತಿಲ್ಲ. ಮೊನ್ನೆ ಹೊಸ ಪ್ರಶ್ನೆ ತೆಗೆದರು: ಜೀಪು ಮಾರಿದ ಮೇಲೆ ಕೊಂಡವನು ಬ್ಯಾಟರಿಯನ್ನು ಬೇರೆ ಕಡೆ ಕೂರಿಸಿ ಚೀಟಿ ಹಾಗೇ ಬಿಟ್ಟರೆ, ಆ ಸುಳ್ಳು ಯಾರ ಖಾತೆಗೆ? ಇದಕ್ಕೆ ಪ್ರವಚನಸಾರದಲ್ಲಿ ಉತ್ತರ ಹುಡುಕುತ್ತಿದ್ದೇನೆ. ಅಲ್ಲಿಯತನಕ ಜೀಪು ಮಾರುವ ಮಾತಿಲ್ಲ.