ಭಾರ ಹೊರುವುದು ಯಾವುದು?

ಮಾದರಿ ರೈಲಿನ ಸೇತುವೆ ಸುಳ್ಳು ಹೇಳಬಹುದೆ? ಕಾಯಕದಲ್ಲಿ ಹಿರಿದು ಕಿರಿದೆಂಬುದಿಲ್ಲ ಎಂದ ಶರಣರ ನೆಲದಲ್ಲಿ ಹುಟ್ಟಿದ ನಾನು ಈ ಪ್ರಶ್ನೆಯನ್ನು ಹಗುರವಾಗಿ ನೋಡಲಾರೆ.

ಭಾಲ್ಕಿಯ ನಮ್ಮ ಮನೆಯಲ್ಲಿ 1:87 ಅಳತೆಯ ರೈಲುಮಾರ್ಗ ಕಟ್ಟುತ್ತಿದ್ದೇನೆ. ಭಾಲ್ಕಿಗೆ ರೈಲುಂಟು, ಔರಾದಿಗಿಲ್ಲ. ಮೊಮ್ಮಗಳು ಔರಾದಿನವಳು, ಅವಳ ಊರಿಗೆ ಲೈನು ಬೇಕೇಬೇಕು. ಅದು ಬೀದರದಿಂದ ಹೊರಟು, ಭಾಲ್ಕಿ ಹಳಿಯ ಮೇಲಿಂದ ಹಾದು, ಮಾಂಜ್ರಾ ನದಿ ದಾಟಬೇಕು. ಕೆಳಗಿನ ಗಾಡಿ ತಾಗದಿರಲು ಸುಮಾರು 75 ಮಿ.ಮೀ. ಎತ್ತರ ಬೇಕು, ನೂರಕ್ಕೆ ಎರಡರ ಏರಿನಲ್ಲಿ ಅಷ್ಟು ಮೇಲೇರಲು ಪೌಣೆನಾಲ್ಕು ಮೀಟರ್ ದಾರಿ.

ಸುಲಭದ ಆಯ್ಕೆ ಕಲ್ಲಿನ ಕಮಾನು. ಬೀದರ ಕೋಟೆಯ ಕೆಂಪುಕಲ್ಲಿನಂತೆ ಬಣ್ಣ ಬಳಿದ ರಟ್ಟನ್ನು ಅಂಟಿಸಿದರಾಯಿತು. ಭಾರವನ್ನೆಲ್ಲ ಹಿಂದೆ ಅಡಗಿಸಿಟ್ಟ ಪ್ಲೈವುಡ್ ಪಟ್ಟಿ ಹೊರುತ್ತದೆ, ಕಮಾನು ಸುಮ್ಮನೆ ಜೋತುಬಿದ್ದಿರುತ್ತದೆ. ‘ಮುತ್ಯಾ, ಕೆಳಗ ಬಗ್ಗಿ ಯಾರ್ ನೋಡ್ತಾರ?’ ಎಂದಳು ಮೊಮ್ಮಗಳು.

ಬೀದರದ ಬಿದರಿ ಕುಶಲಕರ್ಮಿಗಳು ಬೆಳ್ಳಿಯನ್ನು ಮೇಲೆ ಅಂಟಿಸುವುದಿಲ್ಲ. ಸತು-ತಾಮ್ರದ ಮೈಯಲ್ಲಿ ಉಳಿಯಿಂದ ಗೀರು ಕೊರೆದು, ತಂತಿಯನ್ನು ಅದರೊಳಗೆ ಬಡಿದು ಕೂರಿಸುತ್ತಾರೆ. ಕೊಂಡವರ ಕಣ್ಣಿಗೆ ಆ ಗೀರಿನ ಆಳ ಬೀಳುವುದೇ ಇಲ್ಲ. ಬೆಳ್ಳಿ ನಿಂತಿರುವುದು ಮಾತ್ರ ಅದರಿಂದಲೇ.

ಹಾಗಾದರೆ ಹೊರಗೊಂದು ಒಳಗೊಂದು ಇರುವುದೆಲ್ಲ ಸುಳ್ಳೆ? ನಮ್ಮೂರಿನ ಹಿರೇಮಠವೇ ಇದಕ್ಕೆ ಅಡ್ಡ ನಿಲ್ಲುತ್ತದೆ. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅದನ್ನು ಸುಳ್ಳೆನ್ನುವ ಬಾಯಿ ಭಾಲ್ಕಿಯಲ್ಲಿಲ್ಲ. ಬೋರ್ಡು ಏನನ್ನೂ ಹೊರುತ್ತಿರಲಿಲ್ಲ, ಹೊರುತ್ತಿದ್ದದ್ದು ಒಳಗಿನ ಪಾಠ. ನಾನು ಬಹಳ ಯೋಚಿಸಿ ಒಪ್ಪಿಕೊಂಡದ್ದು ಇಷ್ಟು: ತೋರಿಕೆ ತಾನೇ ಪಾಪವಲ್ಲ, ಹೊರದೆಯೇ ಹೊತ್ತೆನೆಂದು ನಿಲ್ಲುವುದು ಪಾಪ. ಔರಾದಿನ ಲೈನು ಕಲ್ಪನೆಯಾದರೂ ಸುಳ್ಳಲ್ಲ; ಅದು ಆ ತಾಲ್ಲೂಕಿನ ಜನರ ಆಸೆ.

ಹಾಗಾಗಿ ಗರ್ಡರ್ ಸೇತುವೆಯನ್ನೇ ಆರಿಸಿದೆ. ನಮ್ಮ ರೈಲ್ವೆಯಲ್ಲಿ ಬಳಕೆಯಲ್ಲಿರುವ 18.3 ಮೀಟರ್ ಗರ್ಡರ್ ನನ್ನ ಅಳತೆಯಲ್ಲಿ 210 ಮಿ.ಮೀ. ಆಗುತ್ತದೆ. ಕಂಬದಿಂದ ಕಂಬಕ್ಕೆ ಅದೇ ಹಳಿಯನ್ನು ಹೊರುತ್ತದೆ, ಬೇರೆ ಪಟ್ಟಿಯಿಲ್ಲ. ಕಂಬಗಳಿಗೆ ಕೆಂಪುಕಲ್ಲಿನ ಬಣ್ಣ ಬಳಿದಿದ್ದೇನೆ, ಅದಕ್ಕೆ ಅಳುಕಿಲ್ಲ. ಇಂಥ ಸೇತುವೆ ಕಟ್ಟುವವರಲ್ಲಿ ನನ್ನದೊಂದು ಬೇಡಿಕೆ: ಗಾಡಿ ಓಡಿಸುವ ಮೊದಲು ಬಗ್ಗಿ ಕೆಳಗೆ ನೋಡಿರಿ, ಮಕ್ಕಳಿಗೂ ತೋರಿಸಿರಿ.