ಕೆಂಪು ಪೆನ್ಸಿಲ್ಲು ಮತ್ತು ತಡವಾಗಿ ಬಂದ ಹೆಸರು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಶಾಲೆ. ಅರವತ್ತರ ದಶಕದ ಆರಂಭ. ಎರಡನೇ ತರಗತಿಯ ಮಕ್ಕಳನ್ನು ಬಾಸ್ಟನ್ ಪ್ರವಾಸಕ್ಕೆ ಕರೆದುಕೊಂಡು ಹೋಗಿ ಬಂದ ಮೇಲೆ, ಅದರ ಬಗ್ಗೆ ಬರೆಯಿರಿ ಎಂದು ಟೀಚರ್ ಹೇಳಿದರು. ಒಬ್ಬ ಹುಡುಗ ಬಸ್ಸು ಹೋದ ದಾರಿಯನ್ನೇ ಬರೆದ. ಯಾವ ನಂಬರಿನ ರಸ್ತೆ, ಮಧ್ಯೆ ಸಿಕ್ಕ ಊರು ಯಾವುದು, ತಲುಪಿದ್ದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಬಸ್ಸನ್ನು ತಯಾರಿಸಿದ ಕಂಪನಿ ಯಾವುದು, ಎಲ್ಲವೂ ಅದರಲ್ಲಿತ್ತು. ಟೀಚರಿಗೆ ಎಷ್ಟು ಸಿಟ್ಟು ಬಂತೆಂದರೆ, ‘ಬಂದು ನನ್ನನ್ನು ಕಾಣು’ ಎಂದು ಗೀಚಿದ ಕೆಂಪು ಪೆನ್ಸಿಲ್ಲು ಕಾಗದವನ್ನು ಹರಿದುಬಿಟ್ಟಿತು.

ಆ ಹುಡುಗ ಟಿಮ್ ಪೇಜ್. ಮುಂದೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಸಂಗೀತ ವಿಮರ್ಶಕನಾಗಿ 1997ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವನು. 2000ನೇ ಇಸವಿಯಲ್ಲಿ, ನಲವತ್ತೈದರ ಆಸುಪಾಸಿನಲ್ಲಿ, ಅವನಿಗೆ ಇರುವುದು ಆಸ್ಪರ್ಜರ್ ಸಿಂಡ್ರೋಮ್ ಎಂದು ಗೊತ್ತಾಯಿತು. ಈ ಪ್ರಬಂಧದ ಕತೆಯನ್ನು ಅವನೇ 2007ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದುಕೊಂಡ.

ಇಂಥ ಕತೆ ಓದಿದಾಗ ನಮಗೆ ಮೊದಲು ಬರುವುದು ಟೀಚರ್ ಮೇಲಿನ ಕೋಪ. ಆಮೇಲೆ ಒಂದು ಅನುಮಾನ ಹುಟ್ಟುತ್ತದೆ. ಆಕೆಗೆ ಏನು ಗೊತ್ತಿತ್ತು? ಗೊತ್ತಿಲ್ಲದೆ ಮಾಡಿದ್ದನ್ನು ತಪ್ಪು ಎನ್ನಬಹುದೇ?

ಆಕೆಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಜರ್ ಇಂಥ ಮಕ್ಕಳ ಬಗ್ಗೆ ಬರೆದ ಲೇಖನ 1944ರಲ್ಲಿ, ಯುದ್ಧದ ನಡುವೆ, ಜರ್ಮನ್ ಭಾಷೆಯಲ್ಲಿ ಪ್ರಕಟವಾಗಿತ್ತು. ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ 1981ರಲ್ಲಿ ಅದರ ಬಗ್ಗೆ ಬರೆದ ಮೇಲಷ್ಟೇ ಇಂಗ್ಲಿಷ್ ಜಗತ್ತಿನಲ್ಲಿ ಆ ಹೆಸರು ಬಳಕೆಗೆ ಬಂತು. ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಸೇರಿಸಿಕೊಂಡದ್ದು 1994ರಲ್ಲಿ. ಪೇಜ್ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಸರಿಯಾದ ಹೆಸರು ವೈದ್ಯರ ಬಳಿಯೇ ಇರಲಿಲ್ಲ.

ಹೆಸರಿಲ್ಲದ ಜಾಗ ಖಾಲಿ ಉಳಿಯುವುದಿಲ್ಲ, ಬೇರೊಂದು ಹೆಸರು ಬಂದು ಕೂರುತ್ತದೆ. ಆಸ್ಟ್ರೇಲಿಯಾದ ಲೇಖಕಿ ಡೊನಾ ವಿಲಿಯಮ್ಸ್‌ಗೆ ಎರಡನೇ ವಯಸ್ಸಿನಲ್ಲಿ ಸಿಕ್ಕ ಹೆಸರು ‘ಸೈಕೋಟಿಕ್’. ಕಿವಿ ಕೇಳಿಸುತ್ತಿಲ್ಲವೇನೋ ಎಂದೂ ಆಕೆಯನ್ನು ಪರೀಕ್ಷಿಸಿದ್ದರು. ಆಟಿಸಂ ಎಂದು ಗೊತ್ತಾಗುವ ಹೊತ್ತಿಗೆ ಆಕೆಗೆ ಮೂವತ್ತು ಸಮೀಪಿಸಿತ್ತು. ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್‌ಗೆ ಎಳೆಯ ವಯಸ್ಸಿನಲ್ಲಿ ಹೇಳಿದ್ದು ಮಿದುಳಿಗೆ ಹಾನಿಯಾಗಿದೆ ಎಂದು. ಹೀಗೆ ಆಸ್ಪತ್ರೆಯ ಚೀಟಿಯಲ್ಲಿ ತಪ್ಪು ಹೆಸರು ಬರೆಸಿಕೊಂಡವರು ಕೆಲವರು. ಪೇಜ್‌ನಂತೆ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡವರು ಅದಕ್ಕಿಂತ ಹೆಚ್ಚಿರಬೇಕು.

ನಮ್ಮಲ್ಲೂ ಹಾಗೆಯೇ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ; ಬುದ್ಧಿಮಾಂದ್ಯತೆ ಇತ್ತು, ಮಾನಸಿಕ ಕಾಯಿಲೆ ಇತ್ತು. ಆಟಿಸಂ ಎಂಬ ಹೆಸರು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆ ಆಟಿಸಂ ಸ್ಪೆಕ್ಟ್ರಮ್ ಅನ್ನು ತನ್ನ 21 ವೈಕಲ್ಯಗಳಲ್ಲಿ ಸೇರಿಸಿಕೊಂಡಿತು. ಅದಕ್ಕೂ ಮೊದಲು, ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದು, ಮನೆಗೆ ಬಂದ ನೆಂಟರ ಮುಖ ನೋಡದೆ ಒಳಗೆ ಹೋಗುತ್ತಿದ್ದ ಹುಡುಗಿಗೆ ಯಾವ ಪಟ್ಟಿಯೂ ಹೊಂದುತ್ತಿರಲಿಲ್ಲ. ಅವಳಿಗೆ ಮನೆಯವರ ಮಾತುಗಳೇ ಗತಿ: ಧಿಮಾಕು, ಸೊಕ್ಕು, ಮೊಂಡುತನ, ದೊಡ್ಡವರೆಂದರೆ ಗೌರವವಿಲ್ಲ.

ಈ ಪದಗಳನ್ನು ಸ್ವಲ್ಪ ನಿಂತು ನೋಡಬೇಕು. ಇವು ಅವಳು ಏನು ಮಾಡಿದಳು ಎಂದು ಹೇಳುವುದಿಲ್ಲ, ಯಾಕೆ ಮಾಡಿದಳು ಎಂದು ತೀರ್ಮಾನಿಸಿಬಿಡುತ್ತವೆ. ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ’ ಎನ್ನುವುದು ಕಂಡ ಸಂಗತಿ. ‘ಸೊಕ್ಕು’ ಎನ್ನುವುದು ನಾವು ಹಾಕಿದ ಬಣ್ಣ.

ಬ್ರಿಟಿಷ್ ತತ್ತ್ವಜ್ಞಾನಿ ಮಿರಾಂಡಾ ಫ್ರಿಕರ್ 2007ರಲ್ಲಿ ಪ್ರಕಟವಾದ ತಮ್ಮ ‘ಎಪಿಸ್ಟೆಮಿಕ್ ಇನ್‌ಜಸ್ಟಿಸ್’ ಪುಸ್ತಕದಲ್ಲಿ ಒಂದು ಬಗೆಯ ಅನ್ಯಾಯವನ್ನು ಗುರುತಿಸುತ್ತಾರೆ. ತನಗೆ ಆಗುತ್ತಿರುವುದನ್ನು ಅರ್ಥಮಾಡಿಕೊಳ್ಳಲು ಬೇಕಾದ ಪದವೇ ಸಮಾಜದಲ್ಲಿ ಇಲ್ಲದಿದ್ದಾಗ ಆಗುವ ಅನ್ಯಾಯ ಅದು. ‘ಲೈಂಗಿಕ ಕಿರುಕುಳ’ ಎಂಬ ಮಾತು ಚಾಲ್ತಿಗೆ ಬರುವ ಮೊದಲು ಅದನ್ನು ಅನುಭವಿಸಿದ ಹೆಂಗಸರು ಅವರು ಕೊಡುವ ಉದಾಹರಣೆ. ಇಂಥ ಅನ್ಯಾಯಕ್ಕೆ ಒಬ್ಬ ಅಪರಾಧಿ ಎಂದು ಇರುವುದಿಲ್ಲ, ಕೊರತೆ ಇಡೀ ವ್ಯವಸ್ಥೆಯದು ಎಂಬುದು ಅವರ ವಾದ.

ಈ ಮಾತು ಪೇಜ್‌ನ ಟೀಚರನ್ನು ಅರ್ಧ ಮಾತ್ರ ಬಿಡಿಸುತ್ತದೆ ಎಂದು ನನಗನಿಸುತ್ತದೆ. ಹೆಸರು ತಿಳಿಯದಿದ್ದದ್ದು ಆಕೆಯ ತಪ್ಪಲ್ಲ. ಆದರೆ ಆ ಹಾಳೆಯಲ್ಲಿದ್ದದ್ದು ಒಂದು ಮಗು ಗಮನವಿಟ್ಟು ಕಂಡ ಸಂಗತಿಗಳು ಎಂದು ತಿಳಿಯಲು ಯಾವ ಸಿಂಡ್ರೋಮಿನ ಹೆಸರೂ ಬೇಕಿರಲಿಲ್ಲ. ‘ನಿನಗೆ ರಸ್ತೆಗಳೆಂದರೆ ಯಾಕಿಷ್ಟು ಇಷ್ಟ?’ ಎಂದು ಕೇಳಲು ಮನೋವೈದ್ಯರ ಕೈಪಿಡಿ ಬೇಕಿರಲಿಲ್ಲ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಬಿಡದೆ ಅದರ ಹಿಂದೆ ಕೆಟ್ಟ ಉದ್ದೇಶವನ್ನು ಇಟ್ಟು ನೋಡುವ ಅವಸರಕ್ಕೆ ಮಾತ್ರ ವ್ಯವಸ್ಥೆಯನ್ನು ದೂರಲಾಗದು. ಅದು ಒಬ್ಬೊಬ್ಬರ ಹೊಣೆ.

ಹೆಸರು ಗೊತ್ತಿದ್ದರೆ ಎಲ್ಲ ಸರಿಯಾಗುತ್ತಿತ್ತೇ? ಇದಕ್ಕೆ ಉತ್ತರ ಸ್ವತಃ ಆಸ್ಪರ್ಜರನ ಬದುಕಿನಲ್ಲೇ ಇದೆ. ಈ ಮಕ್ಕಳ ವಿಶೇಷ ಬುದ್ಧಿಯನ್ನು ಅಕ್ಕರೆಯಿಂದ ವರ್ಣಿಸಿದವನು ಅವನು. ಆದರೆ ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೊಂದು ಮುಖ ತೋರಿಸಿತು. ನಾಜಿ ಆಡಳಿತ ‘ಬದುಕಲು ಅನರ್ಹ’ ಎಂದು ಎಣಿಸಿದ ಮಕ್ಕಳನ್ನು ಕೊಲ್ಲುತ್ತಿದ್ದ ವಿಯೆನ್ನಾದ ಆಮ್ ಸ್ಪೀಗೆಲ್‌ಗ್ರುಂಡ್ ಸಂಸ್ಥೆಗೆ ತೀವ್ರ ವೈಕಲ್ಯವಿದ್ದ ಮಕ್ಕಳನ್ನು ಕಳಿಸಿ ಎಂದು ಬರೆದುಕೊಟ್ಟವರಲ್ಲಿ ಅವನೂ ಇದ್ದ. ಹೆಸರು ಅವನ ಕೈಯಲ್ಲೇ ಇತ್ತು. ಆ ತಿಳಿವಳಿಕೆ ಆ ಮಕ್ಕಳನ್ನು ಕಾಯಲಿಲ್ಲ.

ಹಾಗಾದರೆ ನಲವತ್ತರಲ್ಲಿ ಸಿಗುವ ಹೆಸರಿನಿಂದ ಏನು ಪ್ರಯೋಜನ? ಇದೆ. ತನ್ನ ವಿರುದ್ಧ ತಾನೇ ವರ್ಷಗಟ್ಟಲೆ ನಡೆಸಿದ ವಿಚಾರಣೆಯನ್ನು ಅದು ಮುಗಿಸುತ್ತದೆ. ಜೊತೆಗೆ ದುಃಖವನ್ನೂ ತರುತ್ತದೆ, ಏಕೆಂದರೆ ಹೆಸರು ಬಂದಿದ್ದು ದೊಡ್ಡವನಿಗೆ, ಬೈಸಿಕೊಂಡದ್ದು ಮಗು. ಅದು ಮಾಫಿಪತ್ರವೂ ಅಲ್ಲ. ನಾನು ಒಬ್ಬರಿಗೆ ನೋವು ಮಾಡಿದ್ದರೆ, ಉದ್ದೇಶವಿರಲಿಲ್ಲ ಎಂಬುದು ನನ್ನ ಮೇಲಿನ ಆರೋಪವನ್ನು ಹಗುರ ಮಾಡಬಹುದು, ಅವರ ನೋವನ್ನಲ್ಲ. ಇದನ್ನು ಪೇಜ್‌ನಂಥವರಿಗೆ ಯಾರೂ ಕಲಿಸಬೇಕಿಲ್ಲ. ಜನರೊಡನೆ ಹೇಗಿರಬೇಕೆಂದು ಅವನು ಕಲಿತದ್ದು ಎಮಿಲಿ ಪೋಸ್ಟ್ ಎಂಬಾಕೆ ಬರೆದ ಶಿಷ್ಟಾಚಾರದ ಪುಸ್ತಕ ಓದಿ. ಮಿಕ್ಕವರಿಗೆ ತಾನಾಗಿ ಬರುವುದನ್ನು ಪುಟ ತಿರುವಿ ಕಲಿತ ಹುಡುಗನನ್ನು ಇತರರ ಬಗ್ಗೆ ಕಾಳಜಿಯಿಲ್ಲದವನು ಎನ್ನುವುದು ಹೇಗೆ?

ಈಗ ಆ ಹೆಸರೂ ಹೋಗಿದೆ. 2013ರಲ್ಲಿ ಅಮೆರಿಕದ ಕೈಪಿಡಿ ಆಸ್ಪರ್ಜರ್ ಎಂಬುದನ್ನು ತೆಗೆದು ಆಟಿಸಂ ಸ್ಪೆಕ್ಟ್ರಮ್‌ನಲ್ಲಿ ಸೇರಿಸಿತು. ಮುಂದೆ ಅದೂ ಬದಲಾಗಬಹುದು. ಇಂದಿನ ತರಗತಿಯಲ್ಲೂ, ನಮ್ಮ ಯಾವ ಪಟ್ಟಿಗೂ ಇನ್ನೂ ಸಿಗದ ಮಗುವೊಂದು ಕೂತಿರುತ್ತದೆ. ಅದರ ಹೆಸರು ಐವತ್ತು ವರ್ಷದ ನಂತರ ಗೊತ್ತಾಗಬಹುದು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟೇ: ಅದು ಬರೆದುಕೊಟ್ಟ ಹಾಳೆಯನ್ನು ಪೂರ್ತಿ ಓದುವುದು, ಕೆಂಪು ಪೆನ್ಸಿಲ್ಲು ಎತ್ತಿಕೊಳ್ಳುವ ಮೊದಲು.